ಚಿನ್ನವನ್ನೇ ಅಗೆಯದವನು ಚಿನ್ನದ ಪದ ಕಟ್ಟಿದರೆ ಅದು ಸುಳ್ಳಾ?

ಪಾನಿಪುರಿ ಮೇಷ್ಟ್ರು, ಬಂಗಾರಪೇಟೆ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರಲ್ಲಿ ತಿಂಗಳಿಗೊಂದು ಶನಿವಾರ ಹತ್ತು ಹನ್ನೆರಡು ಜನ ಒಬ್ಬರ ಮನೆ ತಾರಸಿ ಮೇಲೆ ಸೇರುತ್ತೇವೆ. ಒಬ್ಬರು ಒಬ್ಬ ಲೇಖಕನ ಬಗ್ಗೆ ಮಾತಾಡಬೇಕು, ಮಿಕ್ಕವರು ಕಡಲೆಪುರಿ ತಿನ್ನುತ್ತಾ ಕೇಳಬೇಕು, ಆಮೇಲೆ ಜಗಳ. ಈ ಸಲ ನನ್ನ ಸರದಿ. ನಾನು ಆರಿಸಿಕೊಂಡಿದ್ದು ಕೆನಡಾದ ರಾಬರ್ಟ್ ಸರ್ವಿಸ್. ಆಸ್ಟ್ರೇಲಿಯಾದಲ್ಲಿ ಬುಷ್ ಪೊಯೆಟ್ ಅಂತಾರಲ್ಲ, ಅದೇ ಜಾತಿಯವನು, ಆದರೆ ಇವನದು ಹಿಮದ ಕಾಡು.

ಗೊತ್ತಿಲ್ಲದವರಿಗೆ ಎರಡು ಮಾತು. 1874ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ಹುಟ್ಟಿದ. ಬೆಳೆದಿದ್ದು ಸ್ಕಾಟ್ಲೆಂಡಿನಲ್ಲಿ, ಮೊದಲು ತಾತನ ಮನೆ, ಆಮೇಲೆ ಗ್ಲಾಸ್ಗೊ. ಆರನೇ ಹುಟ್ಟುಹಬ್ಬದ ದಿನ ಊಟಕ್ಕೆ ಕೂತಾಗ ದೇವರೇ ಕೇಕು ಜಾಮುಗಳನ್ನು ಹರಸು, ಹೊಟ್ಟೆನೋವು ಮಾತ್ರ ಕೊಡಬೇಡ ಅಂತ ಪ್ರಾಸ ಕಟ್ಟಿ ಪ್ರಾರ್ಥನೆ ಹೇಳಿದನಂತೆ. ಹದಿನಾಲ್ಕು ಹದಿನೈದಕ್ಕೆಲ್ಲ ಶಾಲೆ ಬಿಟ್ಟು ಬ್ಯಾಂಕಿಗೆ ಸೇರಿದ. ಯೂನಿವರ್ಸಿಟಿಯಲ್ಲಿ ಸಾಹಿತ್ಯದ ಕ್ಲಾಸಿಗೆ ಸ್ವಲ್ಪ ದಿನ ಹೋಗಿ ಅದನ್ನೂ ಬಿಟ್ಟ. ಓದಿದ್ದೆಲ್ಲ ಸ್ವಂತಕ್ಕೆ ಓದಿಕೊಂಡಿದ್ದೇ. 21ಕ್ಕೆ ಕೆಲಸ ಬಿಸಾಕಿ, ಕೌಬಾಯ್ ಆಗ್ತೀನಿ ಅಂತ ಕೆನಡಾಕ್ಕೆ ಹಡಗು ಹತ್ತಿದ. ಕೌಬಾಯ್ ಆಗೋದಿರಲಿ, ಹಸುವಿನ ಹಾಲು ಕರೆದ, ತೋಟದಲ್ಲಿ ಹಣ್ಣು ಕಿತ್ತ, ಅಂಗಡಿಯಲ್ಲಿ ಪೊಟ್ಟಣ ಕಟ್ಟಿದ, ಕ್ಯಾಲಿಫೋರ್ನಿಯಾವರೆಗೂ ಅಲೆದ. ಕೊನೆಗೆ 1903ರಲ್ಲಿ ಸುಸ್ತಾಗಿ ಮತ್ತೆ ಬ್ಯಾಂಕಿಗೇ ಸೇರಿದ. ಬ್ಯಾಂಕಿನವರು 1904ರಲ್ಲಿ ಉತ್ತರದ ಯೂಕಾನ್ ಸೀಮೆಗೆ, ವೈಟ್‌ಹಾರ್ಸ್ ಅನ್ನೋ ಊರಿಗೆ ವರ್ಗ ಮಾಡಿದರು.

ಅಲ್ಲಿ ಚಿನ್ನ ಹುಡುಕಿ ಬಂದವರ ಬಗ್ಗೆ ಬರೆದ ಪದ್ಯಗಳನ್ನು ನೆಂಟರು ಸ್ನೇಹಿತರಿಗೆ ಹಂಚೋಣ ಅಂತ, ಬೋನಸ್ ದುಡ್ಡಿಟ್ಟು ಟೊರಾಂಟೊದಲ್ಲಿದ್ದ ಅಪ್ಪನಿಗೆ ಕಳಿಸಿದ, ಸ್ವಲ್ಪ ಪ್ರತಿ ಅಚ್ಚು ಹಾಕಿಸಿ ಅಂತ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರೇ ಆ ಪದ್ಯಗಳನ್ನು ಜೋರಾಗಿ ಹೇಳಿಕೊಳ್ಳೋಕೆ ಶುರು ಮಾಡಿದರು. ಪುಸ್ತಕ ಬರುವ ಮೊದಲೇ, ಬರೀ ಪ್ರೂಫ್ ಹಾಳೆ ತೋರಿಸಿ 1,700 ಪ್ರತಿಗೆ ಆರ್ಡರ್ ತಂದರು. ಪ್ರಕಾಶಕರು ಇವನ ದುಡ್ಡು ವಾಪಸ್ ಕಳಿಸಿ, ನಾವೇ ನಿಮಗೆ ರಾಯಲ್ಟಿ ಕೊಡ್ತೀವಿ ಅಂದರು. ಇದು 1907. ಎರಡು ವರ್ಷ ಕಳೆದು ಕೆಲಸಕ್ಕೆ ರಾಜೀನಾಮೆ.

ಈಗ ಸಮಸ್ಯೆಗೆ ಬರ್ತೀನಿ. ನಮ್ಮ ಗುಂಪಿನ ಹಿರಿಯರೊಬ್ಬರು ಮೊದಲೇ ಅಡ್ಡ ಹಾಕಿದ್ದಾರೆ. ಯೂಕಾನ್‌ನಲ್ಲಿ ಚಿನ್ನ ಸಿಕ್ಕಿದ್ದು 1896ರಲ್ಲಿ, 1899ಕ್ಕೆಲ್ಲ ಗದ್ದಲ ಮುಗಿದಿತ್ತು, ಇವನು ಹೋಗಿದ್ದು ಐದು ವರ್ಷ ಆದಮೇಲೆ, ಅದೂ ಬ್ಯಾಂಕಿನ ಕೌಂಟರ್ ಹಿಂದೆ ಕೂರೋಕೆ. ಒಂದು ದಿನ ಗುದ್ದಲಿ ಹಿಡಿದವನಲ್ಲ. ಇಂಥವನ ಚಿನ್ನದ ಪದ್ಯಗಳು ಬರೀ ಬುರುಡೆ, ಪಕ್ಕದಲ್ಲಿ ಕೆಜಿಎಫ್ ಇಟ್ಕೊಂಡು ನಮಗೆ ಈ ಬುರುಡೆ ಬೇಕಾ ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಪದ್ಯ ಇಷ್ಟ ಅಂತ ಮಾತ್ರ ಗೊತ್ತು. ನೀವೇನಂತೀರಿ?

ಇನ್ನೊಂದು, ಬುಷ್ ಪೊಯೆಟ್‌ಗೆ ಕನ್ನಡದಲ್ಲಿ ಏನಂತ ಹೇಳಲಿ? ನನ್ನ ಮಗಳು ಪೊದೆ ಕವಿ ಅಂದಳು. ಹೊಡೆಯೋಕೆ ಹೋದೆ.

ತಿಪಟೂರು ಕೊಬ್ಬರಿ:

ಪೊದೆ ಕವಿ, ಹ್ಹಹ್ಹ. ಮಗಳನ್ನೇ ಮಾತಾಡೋಕೆ ಬಿಡಿ ಮೇಷ್ಟ್ರೇ.

ಬುಷ್ ಅಂದರೆ ಪೊದೆಯೂ ಅಲ್ಲ, ಬರೀ ಕಾಡೂ ಅಲ್ಲ. ಪಟ್ಟಣ ಬಿಟ್ಟು ಆಚೆಗಿರೋದೆಲ್ಲ ಅವರಿಗೆ ಬುಷ್. ಆಸ್ಟ್ರೇಲಿಯಾದವರದು ಬಿಸಿಲು, ಕುರಿ, ಬರ, ಧೂಳು. ಹಾಗೆ ನೋಡಿದರೆ ಬಯಲುಸೀಮೆ ಅನ್ನೋ ಮಾತೇ ಹತ್ತಿರ, ಅದೂ ನಮ್ಮ ಶಿರಾ, ಪಾವಗಡದ ಕಡೆ ಬಂದರೆ ಅನುವಾದವೇ ಬೇಡ, ಕೈ ತೋರಿಸಿದರೆ ಸಾಕು. ಆದರೆ ನಿಮ್ಮವನದು ಹಿಮದ ಸೀಮೆ, ಅದಕ್ಕೆ ಬಯಲುಸೀಮೆ ಕವಿ ಅಂದರೆ ನಗ್ತಾರೆ. ನನ್ನ ಕೇಳಿದರೆ ಲಾವಣಿಕಾರ ಅನ್ನಿ. ಕಥೆ ಇದೆ, ಪ್ರಾಸ ಇದೆ, ನಿಂತು ಹೇಳಬೇಕು, ಎದುರಿಗೆ ಜನ ಇರಬೇಕು. ಇನ್ನೇನು ಬೇಕು ಲಾವಣಿಗೆ?

ಅವನ ಸ್ಯಾಮ್ ಮೆಗೀ ಪದ್ಯ ನಾನೂ ಓದಿದೀನಿ. ಸಾಲು ಉದ್ದ, ಸಾಲಿನ ನಡುವೆ ಒಂದು ಪ್ರಾಸ, ಕೊನೆಯಲ್ಲಿ ಇನ್ನೊಂದು. ಕಣ್ಣಲ್ಲಿ ಓದಿದರೆ ಏನೂ ಇಲ್ಲ, ಬಾಯಲ್ಲಿ ಹೇಳಿದರೆ ಕಾಲು ತಾನಾಗೇ ತಾಳ ಹಾಕುತ್ತೆ. ನಮ್ಮಲ್ಲಿ ಹಳೇ ಪದಗಳಲ್ಲಿ ಪ್ರಾಸ ಸಾಲಿನ ಶುರುವಿನಲ್ಲೇ ಎರಡನೇ ಅಕ್ಷರಕ್ಕೆ ಬೀಳುತ್ತಲ್ವಾ, ಅವರದು ಬಾಲದಲ್ಲಿ. ಅಷ್ಟೇ ವ್ಯತ್ಯಾಸ. ಅವನೂ ತನ್ನನ್ನು ಕವಿ ಅಂತ ಕರ್ಕೊಳ್ಳಲಿಲ್ಲ, ಪದ್ಯ ಹೊಸೆಯೋನು ಅಂತಲೇ ಹೇಳ್ಕೊಂಡ. ಪಂಡಿತರು ಬೈದರೂ ತಲೆ ಕೆಡಿಸ್ಕೊಳ್ಳಲಿಲ್ಲ.

ಓದಿನ ಬಗ್ಗೆ ಯಾರಾದರೂ ಕೊಂಕು ತೆಗೆದರೆ ನಿಮ್ಮ ಜಿಲ್ಲೆಯ ಉದಾಹರಣೆಗಳೇ ಇವೆಯಲ್ಲ. ಮುಳಬಾಗಿಲಿನ ಡಿವಿಜಿ ಮೆಟ್ರಿಕ್ ದಾಟಲಿಲ್ಲ. ಮಾಸ್ತಿ ಅವರ ಮನೆಮಾತು ತಮಿಳು. ಕೋಲಾರದವರಿಗೆ ಸ್ವಂತ ಓದು, ಹೊರಗಿನ ಭಾಷೆ ಇದೆಲ್ಲ ಹೊಸದಾ?

ನಿಮ್ಮ ಹಿರಿಯರ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಕೊಬ್ಬರಿ ಬಗ್ಗೆ ಕೇಳಿ, ಹೇಳ್ತೀನಿ.

ಚಾಂಪಿಯನ್ ರೀಫ್ಸ್ ಹುಡುಗ:

ಸಾರ್, ಹುಡುಗ ಅಂತ ಹೆಸರಿಟ್ಕೊಂಡಿದೀನಿ, ವಯಸ್ಸು ಐವತ್ತು ದಾಟಿದೆ. ಹುಟ್ಟಿದ್ದು ಬೆಳೆದಿದ್ದು ಕೆಜಿಎಫ್ ಲೈನ್ ಮನೆಯಲ್ಲಿ. ತಾತ ಚಿತ್ತೂರು ಕಡೆಯಿಂದ ಬಂದವರು. ಅಪ್ಪ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ಒಳಗೆ ಕೆಲಸ ಮಾಡಿದವರು. ಮನೇಲಿ ತಮಿಳು, ಬೀದೀಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಬರೆಯೋದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಿಮ್ಮ ಪೋಸ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಮೊದಲು ಆ ಸ್ಯಾಮ್ ಮೆಗೀ ಕಥೆ ಹೇಳು ಅಂದರು. ಇಲ್ಲೂ ಕೆಲವರಿಗೆ ಗೊತ್ತಿಲ್ಲದಿರಬಹುದು, ಚಿಕ್ಕದಾಗಿ ಹೇಳ್ತೀನಿ. ಸ್ಯಾಮ್ ಅನ್ನೋನು ಬಿಸಿಲೂರಿನವನು, ಚಿನ್ನದಾಸೆಗೆ ಹಿಮಕ್ಕೆ ಬಂದಿರ್ತಾನೆ, ಯಾವಾಗಲೂ ಚಳಿ ಚಳಿ ಅಂತ ಗೊಣಗ್ತಾನೆ. ಸಾಯುವಾಗ ಗೆಳೆಯನಿಂದ ಮಾತು ತಗೋತಾನೆ, ನನ್ನನ್ನು ಈ ಹಿಮದಲ್ಲಿ ಹೂಳಬೇಡ, ಸುಡು ಅಂತ. ಅವನು ಹೆಣವನ್ನು ನಾಯಿ ಗಾಡಿಗೆ ಕಟ್ಕೊಂಡು ದಿನಗಟ್ಟಲೆ ಎಳೀತಾನೆ. ಕೊನೆಗೆ ಒಂದು ಸರೋವರದ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದ ಹಳೇ ಹಡಗು ಸಿಗುತ್ತೆ, ಅದರ ಬಾಯ್ಲರಿಗೆ ಬೆಂಕಿ ಹಾಕಿ ಹೆಣ ತುರುಕ್ತಾನೆ. ಸ್ವಲ್ಪ ಹೊತ್ತಾದಮೇಲೆ ಬೆಂದಿದೆಯಾ ನೋಡೋಣ ಅಂತ ಬಾಗಿಲು ತೆಗೆದರೆ ಸ್ಯಾಮ್ ಬೆಂಕಿ ಮಧ್ಯೆ ಆರಾಮಾಗಿ ಕೂತು ನಗ್ತಾ ಇದಾನೆ. ಬಾಗಿಲು ಹಾಕೋ ಮಾರಾಯ, ಊರು ಬಿಟ್ಟಮೇಲೆ ಇವತ್ತೇ ನನಗೆ ಬೆಚ್ಚಗಾಗಿರೋದು ಅಂತಾನೆ.

ಅಪ್ಪ ಜೋರಾಗಿ ನಕ್ಕರು. ನಕ್ಕು, ಆ ಬಾಯ್ಲರಲ್ಲೇ ಕಣೋ ನಾವು ಮೂವತ್ತು ವರ್ಷ ಡ್ಯೂಟಿ ಮಾಡಿದ್ದು ಅಂದರು. ಸುಳ್ಳಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಆ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತೆ, ತಣ್ಣನೆ ಗಾಳಿ ಒಳಗೆ ತಳ್ಳದಿದ್ದರೆ ಮನುಷ್ಯ ನಿಲ್ಲೋಕಾಗಲ್ಲ. ಡಿಸೆಂಬರ್ ರಾತ್ರಿ ಶಿಫ್ಟ್ ಮುಗಿಸಿ ಗಣಿಯ ಲಿಫ್ಟು, ಅದೇ ಕೇಜ್‌ನಲ್ಲಿ ಮೇಲೆ ಬಂದರೆ ಮೈಯೆಲ್ಲ ಬೆವರು, ಹೊರಗಡೆ ಕೋಲಾರದ ಚಳಿ. ಹಲ್ಲು ಕಟಕಟ ಅನ್ನೋದಂತೆ.

ಈಗ ನಿಮ್ಮ ಹಿರಿಯರ ಪ್ರಶ್ನೆ. ಅಪ್ಪನ ಕಾಲದಲ್ಲಿ ಟೈಂ ಆಫೀಸಿನಲ್ಲಿ ಹಾಜರಿ ಬರೆಯೋ ಗುಮಾಸ್ತರೊಬ್ಬರಿದ್ದರಂತೆ. ಆರ್ಕಾಟ್ ಕಡೆಯವರು, ಐದನೇ ಕ್ಲಾಸೋ ಏನೋ ಓದಿದ್ದರು. ಜನ್ಮದಲ್ಲಿ ಒಂದು ಸಲವೂ ಕೆಳಗೆ ಇಳಿದಿರಲಿಲ್ಲ, ಕೇಜ್ ಕಂಡರೆ ತಲೆ ಸುತ್ತು ಬರ್ತಿತ್ತಂತೆ. ಆದರೆ ಗಣಿ ಮೇಲೆ ಪದ ಕಟ್ಟಿದ್ದು ಅವರೇ. ಶಿಫ್ಟ್ ಮುಗಿಸಿ ಬಂದವರು ಟೋಕನ್ ಕೊಡುವಾಗ, ಏನಪ್ಪ ಇವತ್ತು, ಯಾವ ಲೆವೆಲ್ಲು, ಬಂಡೆ ಸದ್ದು ಮಾಡಿತಾ ಅಂತ ಕೇಳೋರಂತೆ. ಕೇಳಿದ್ದನ್ನು ಹಳೇ ಹಾಜರಿ ಹಾಳೆ ಹಿಂದುಗಡೆ ಗೀಚೋರು. ತಮಿಳು ತೆಲುಗು ಕನ್ನಡ ಎಲ್ಲ ಕಲಸಿ. ಹಾಜರಿ ಪುಸ್ತಕದಲ್ಲಿ ಹೆಸರು ಹೇಗೂ ಕಣ್ಣೆದುರಿಗೇ ಇರ್ತಿತ್ತಲ್ಲ, ಪ್ರಾಸಕ್ಕೆ ಯಾವುದು ಕೂರುತ್ತೋ ಆ ಹೆಸರು ಪದದೊಳಗೆ ಹೋಗೋದು. ಹೆಸರು ಬಂದವನು ಟೀ ಕುಡಿಸಬೇಕು, ಬರದವನು ಮುನಿಸ್ಕೊಳ್ಳೋನು. ಅಪ್ಪನ ಹೆಸರಿಗೆ ಪ್ರಾಸ ಸಿಗಲೇ ಇಲ್ಲವಂತೆ. ಆ ಬೇಜಾರು ಈಗಲೂ ಇದೆ!

ಅಪ್ಪ ಹೇಳಿದ್ದು ಇಷ್ಟು. ಇಳಿದವರು ಮನೆಗೆ ಬಂದು ಒಳಗಿನ ಮಾತು ಆಡ್ತಿರಲಿಲ್ಲ. ಸ್ನಾನ, ಊಟ, ನಿದ್ದೆ, ಮತ್ತೆ ಸೈರನ್. ರಾಕ್ ಬರ್ಸ್ಟ್, ಅಂದರೆ ಒಳಗೆ ಬಂಡೆ ಸಿಡಿಯೋದು, ಆದ ದಿನ ಮನೇಲಿದ್ದ ಹೆಂಗಸರಿಗೆ ಪಾತ್ರೆ ಅಲ್ಲಾಡಿದ್ದರಿಂದಲೇ ಗೊತ್ತಾಗ್ತಿತ್ತು. ಅವತ್ತೂ ಬಂದವರು ಮಾತಾಡ್ತಿರಲಿಲ್ಲ. ಗುಮಾಸ್ತರು ಕೇಳ್ತಿದ್ದರು, ಅದಕ್ಕೆ ಅವರ ಹತ್ತಿರ ಹೇಳ್ತಿದ್ದರು. ಇಳಿದಿದ್ದರೆ ಅವರೂ ಸುಮ್ನಾಗ್ತಿದ್ದರು ಅನ್ನೋದು ಅಪ್ಪನ ಲೆಕ್ಕ.

ನಿಮ್ಮ ಸರ್ವಿಸ್ ಮಾಡಿದ್ದೂ ಇದೇ ಅಲ್ವಾ? ಸ್ಯಾಮ್ ಮೆಗೀ ಅನ್ನೋ ಹೆಸರು ಅವನಿಗೆ ಸಿಕ್ಕಿದ್ದು ಬ್ಯಾಂಕಿನ ಖಾತೆ ಪುಸ್ತಕದಲ್ಲೇ. ನಿಜವಾದ ಸ್ಯಾಮ್ ಮೆಗೀ ಆ ಬ್ಯಾಂಕಿನ ಗಿರಾಕಿ, ಬಿಸಿಲೂರಿನವನೂ ಅಲ್ಲ, ಕೆನಡಾದ ಆಂಟಾರಿಯೊದವನು. ಪದ್ಯ ಹೆಸರಾದಮೇಲೆ ಎಲ್ಲಿ ಹೋದರೂ ಏನ್ರೀ ಬೆಚ್ಚಗಿದೀರಾ ಅಂತ ಕೇಳಿಸ್ಕೊಂಡೇ ಬದುಕಬೇಕಾಯಿತಂತೆ, ಪಾಪ. ಕಥೆಯೂ ಅಷ್ಟೇ, ಒಂದು ಪಾರ್ಟಿಯಲ್ಲಿ ಗಣಿಯವನೊಬ್ಬ ಹೇಳಿದ್ದು ಅಂತ ಅವನೇ ಬರ್ಕೊಂಡಿದಾನೆ. ಬ್ಯಾಂಕ್ ಕೌಂಟರ್ ಅಂದರೆ ಸುಮ್ನೆ ಅಂದುಕೊಂಡರಾ? ಚಿನ್ನ ಸಿಕ್ಕವನೂ ಅಲ್ಲಿಗೇ ಬರಬೇಕು, ಸಿಗದವನೂ ಸಾಲ ಕೇಳೋಕೆ ಅಲ್ಲಿಗೇ ಬರಬೇಕು.

ಇನ್ನೊಂದು ವಿಷಯ, ಇದು ನನ್ನ ಸ್ವಂತ ತಲೆಹರಟೆ. ಅಲ್ಲಿಯ ಚಿನ್ನ ಹೊಳೆ ಮರಳಲ್ಲಿ, ಜಲ್ಲಿಯಲ್ಲಿ ಇದ್ದದ್ದು. ಒಬ್ಬನೇ ಹೋಗಿ, ಹೆಪ್ಪುಗಟ್ಟಿದ ನೆಲದ ಮೇಲೆ ಬೆಂಕಿ ಹಾಕಿ ಕರಗಿಸಿ, ಅಗೆದು, ಬೋಗುಣಿಯಲ್ಲಿ ತೊಳೆದರೆ ಸಿಕ್ಕರೂ ಸಿಗಬಹುದು. ಸುಮಾರು ಒಂದು ಲಕ್ಷ ಜನ ಹೊರಟರು, ಮುಟ್ಟಿದವರು 30 - 40 ಸಾವಿರ, ಕೈಗೆ ಹತ್ತಿದ್ದು ಕೆಲವರಿಗೆ. ಅದಕ್ಕೆ ಅಲ್ಲಿಯ ಪದ್ಯದಲ್ಲಿ ಒಬ್ಬೊಬ್ಬನೇ ಹೀರೋ. ನಮ್ಮ ಚಿನ್ನ ಬಿಳಿಕಲ್ಲಿನ ಒಳಗೆ, ಪಾತಾಳದಲ್ಲಿ. ಅದನ್ನು ಒಬ್ಬ ಮನುಷ್ಯ ಅಗೆಯೋಕಾಗಲ್ಲ, ಕಂಪನಿ ಬೇಕು, ಶಾಫ್ಟ್ ಬೇಕು, 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬೇಕಾಯಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ತೆಗೆದರು, ತೆಗೆದವರ ಮನೆಗೆ ಒಂದು ಗುಂಜಿಯೂ ಬರಲಿಲ್ಲ, ಸಂಬಳ ಬಂತು, ಎಷ್ಟೋ ಜನಕ್ಕೆ ಧೂಳಿನ ಜೊತೆ ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ಕಾಯಿಲೆ ಬಂತು. ಅದಕ್ಕೆ ನಮ್ಮ ಗುಮಾಸ್ತರ ಪದದಲ್ಲಿ ಹೀರೋ ಇಲ್ಲ, ಒಂದು ಕೇಜ್ ತುಂಬ ಹೆಸರುಗಳು, ಅಷ್ಟೇ.

ಆ ಹಾಳೆಗಳು ಈಗ ಇಲ್ಲ ಸಾರ್. ಯಾರೂ ಎತ್ತಿಡಲಿಲ್ಲ.

ಚಿಂತಾಮಣಿ ಅಕ್ಕ:

ಮೇಲಿನ ಉತ್ತರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಿಮ್ಮ ತಂದೆಯವರ ಬಾಯಲ್ಲಿ ಆ ಪದಗಳು ಎಷ್ಟು ಉಳಿದಿವೆಯೋ ಅಷ್ಟನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ಅಣ್ಣಾ. ಅರ್ಧ ಸಾಲು ಆದರೂ ಪರವಾಗಿಲ್ಲ. ಇವತ್ತೇ ಮಾಡಿ.

ನನ್ನದೊಂದು ತಕರಾರಿದೆ. ಅಗೆಯಲಿಲ್ಲ ಅನ್ನೋದು ನನಗೆ ದೊಡ್ಡ ವಿಷಯ ಅಲ್ಲ. ಅವನು ಯಾರ ಮಾತು ಕೇಳಿಸಿಕೊಂಡ, ಯಾರದು ಕೇಳಿಸಿಕೊಳ್ಳಲಿಲ್ಲ ಅನ್ನೋದು ಕೇಳಬೇಕು. ಯೂಕಾನ್ ಸೀಮೆಯಲ್ಲಿ ಚಿನ್ನದ ಗದ್ದಲಕ್ಕೆ ಡಾಸನ್ ಪಟ್ಟಣ ಎದ್ದ ಜಾಗದಲ್ಲಿ ಮೊದಲಿಂದ ಇದ್ದವರು ಟ್ರಾಂಡೆಕ್ ಹ್ವೆಚಿನ್ ಅನ್ನೋ ಜನ. ಮೀನು ಹಿಡಿಯೋ ಜಾಗ ಅವರದು. ಚಿನ್ನದವರು ನುಗ್ಗಿದಾಗ ಅವರ ಮುಖಂಡ ಚೀಫ್ ಐಸಾಕ್ ತನ್ನ ಜನರನ್ನು ಕರ್ಕೊಂಡು ಹೊಳೆಯ ಕೆಳಗಡೆ ಮೂಸ್‌ಹೈಡ್ ಅನ್ನೋ ಕಡೆ ಹೋದ. ಇಷ್ಟಕ್ಕೇ ಮುಗಿಯಲಿಲ್ಲ. ಈ ಗದ್ದಲದಲ್ಲಿ ನಮ್ಮ ಹಾಡು ಕುಣಿತ ಎಲ್ಲ ಅಳಿಸಿಹೋಗುತ್ತೆ ಅನ್ನಿಸಿ, ಅವನ್ನು ಅಲಾಸ್ಕಾದಲ್ಲಿದ್ದ ನೆಂಟರ ಕೈಗೆ ಒಪ್ಪಿಸಿದ, ಜೋಪಾನ ಮಾಡಿ ಅಂತ. ಒಡವೆ ಇಟ್ಟುಬರೋ ಹಾಗೆ! ಎಷ್ಟೋ ವರ್ಷ ಕಳೆದಮೇಲೆ ಅವರ ಮೊಮ್ಮಕ್ಕಳ ಕಾಲದಲ್ಲಿ ಆ ಹಾಡುಗಳು ವಾಪಸ್ ಬಂದವು.

ಸರ್ವಿಸ್ 1908ರಿಂದ ಡಾಸನ್‌ನಲ್ಲೇ ಇದ್ದ. ಅವನ ಮರದ ಗುಡಿಸಲನ್ನು ಇವತ್ತಿಗೂ ಕಾಪಾಡಿ ಜನರಿಗೆ ತೋರಿಸ್ತಾರೆ. ಅಲ್ಲಿಂದ ಮೂಸ್‌ಹೈಡ್ ಏನು ಮಹಾ ದೂರ, ಐದು ಕಿಲೋಮೀಟರ್. ಅವನ ಹೆಸರಾದ ಪದ್ಯಗಳಲ್ಲಿ ಈ ಜನ ಎಲ್ಲಿ? ಕುಡುಕರಿದಾರೆ, ಜೂಜುಕೋರರಿದಾರೆ, ಸಲೂನಿನ ಹೆಂಗಸಿದಾಳೆ, ನಾಯಿಗಳೂ ಇವೆ. ಮೇಷ್ಟ್ರೇ, ನೀವು ಇದನ್ನು ಹೇಳದೆ ಬರೀ ಹೊಗಳಿದರೆ ನಿಮ್ಮ ಹಿರಿಯರ ಪಕ್ಷ ನಾನು.

ಬೈದೆ ಅಂತ ಅಂದ್ಕೋಬೇಡಿ, ಪದ್ಯ ನನಗೂ ಇಷ್ಟ. ಅವನ ಯುದ್ಧದ ಪದ್ಯಗಳನ್ನೂ ನೋಡಿ. 40 ದಾಟಿದಮೇಲೆ ಸೈನ್ಯಕ್ಕೆ ತಗೊಳ್ಳಲಿಲ್ಲ ಅಂತ ಆಂಬುಲೆನ್ಸ್ ಓಡಿಸೋಕೆ ಸೇರಿದ. 1916ರಲ್ಲಿ ತಮ್ಮನೇ ಯುದ್ಧದಲ್ಲಿ ಸತ್ತ, ಆ ವರ್ಷದ ಪುಸ್ತಕ ಅವನಿಗೇ ಅರ್ಪಣೆ. ಅಲ್ಲಿ ಮಾತ್ರ ಅವನು ಕೌಂಟರ್ ಹಿಂದೆ ಇರಲಿಲ್ಲ, ಗಾಯಾಳುಗಳನ್ನು ಹೊತ್ತಿದ್ದ. ಹಾಗಿದ್ದೂ ಜನಕ್ಕೆ ನೆನಪಿರೋದು ನೋಡದೇ ಬರೆದ ಚಿನ್ನದ ಪದ್ಯವೇ! ಇದಕ್ಕೇನಂತೀರಿ?

ಪಾನಿಪುರಿ ಮೇಷ್ಟ್ರು, ಬಂಗಾರಪೇಟೆ:

ಅಕ್ಕ, ಒಪ್ಪಿದೆ. ಮೂಸ್‌ಹೈಡ್ ವಿಷಯ ನನಗೆ ಹೊಸದು. ಮಾತಿನ ಮೊದಲಿಗೇ ಹಾಕ್ತೀನಿ, ಕೊನೆಗಿಟ್ಟರೆ ಅಷ್ಟೊತ್ತಿಗೆ ಕಡಲೆಪುರಿ ಖಾಲಿಯಾಗಿ ಅರ್ಧ ಜನ ಎದ್ದಿರ್ತಾರೆ.

ಒಂದು ಸಣ್ಣ ವಿಷಯ ನಾನೂ ಸೇರಿಸ್ತೀನಿ. ಅವನ ಮೊದಲ ಪುಸ್ತಕದ ಹೆಸರಲ್ಲಿ ಸೋರ್‌ಡೋ ಅನ್ನೋ ಪದ ಇದೆ, ಅಂದರೆ ಹುಳಿಹಿಟ್ಟು. ಅಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದು ಬದುಕಿದವನಿಗೆ ಹಾಗಂತಾರೆ. ಬ್ರೆಡ್ಡಿಗೆ ಹುಳಿ ಬರಿಸೋ ಹಿಟ್ಟನ್ನು ಚಳಿಗೆ ಸಾಯದಂತೆ ಜೋಪಾನವಾಗಿ ಇಟ್ಕೊಳ್ತಿದ್ದರು, ಅದರಿಂದ ಬಂದ ಹೆಸರು. ನಾವು ಮೊಸರಿನ ಹೆಪ್ಪು ಕಾಪಾಡಿದ ಹಾಗೆ. ಹೊಸಬರಿಗೆ ಚೀಚಾಕೊ ಅಂತಿದ್ದರು. ಎರಡನೇ ಪುಸ್ತಕದ ಹೆಸರಲ್ಲಿ ಆ ಪದ ಇದೆ. ಮೊದಲು ಹಳಬ ಅಂತ ಹೇಳ್ಕೊಂಡು, ಆಮೇಲೆ ಹೊಸಬ ಅಂದಿದ್ದಾನೆ, ಉಲ್ಟಾ. ಅವನಿಗೂ ಒಳಗೊಳಗೆ ಈ ಪ್ರಶ್ನೆ ಕೊರೀತಿತ್ತೋ ಏನೋ.

ಕೆಜಿಎಫ್ ಸಾರ್, ಒಂದು ಬೇಡಿಕೆ. ಶನಿವಾರ ಸಂಜೆ ತಂದೆಯವರನ್ನು ಕರ್ಕೊಂಡು ಬರೋಕಾಗುತ್ತಾ? ನಾನು ಭಾಷಣ ಮಾಡಲ್ಲ. ಸ್ಯಾಮ್ ಮೆಗೀ ಪದ್ಯ ಓದ್ತೀನಿ, ಅವರು ಬಾಯ್ಲರ್ ಮಾತು ಹೇಳಲಿ. ಮಾರಿಕುಪ್ಪಂ ಟ್ರೇನಿಗೆ ಬಂದರೆ ಸ್ಟೇಷನ್ನಿಗೆ ನಾನೇ ಸ್ಕೂಟರ್ ತರ್ತೀನಿ.

ತಿಪಟೂರು ಕೊಬ್ಬರಿ:

ಮಗಳನ್ನೂ ಕೂರಿಸಿ ಮೇಷ್ಟ್ರೇ. ಪೊದೆ ಕವಿಗೆ ಜೈ.

ಚಾಂಪಿಯನ್ ರೀಫ್ಸ್ ಹುಡುಗ:

ಅಪ್ಪನನ್ನು ಕೇಳಿದೆ. ಬರ್ತಾರಂತೆ. ತಾರಸಿ ಮೇಲೆ ಬೇಡ, ಒಳಗೆ ಕೂರೋಣ ಅಂತ ಹೇಳು, ಚಳಿ ಆಗುತ್ತೆ ಅಂದರು. ಸ್ವೆಟರ್ ಈಗಲೇ ತೆಗೆದಿಟ್ಟಿದಾರೆ.

ಅಕ್ಕ, ನಿನ್ನೆ ರಾತ್ರಿ ರೆಕಾರ್ಡ್ ಮಾಡಿದೆ. ಎಂಟು ಸಾಲು ಸಿಕ್ಕಿದೆ. ಆರು ಹೆಸರು. ಏಳನೆಯವನ ಹೆಸರು ನೆನಪಾಗ್ತಿಲ್ಲ, ಊರು ಮಾತ್ರ ನೆನಪಿದೆ, ಕುಪ್ಪಂ. ಬೆಳಿಗ್ಗೆಯಿಂದ ಅದನ್ನೇ ಗುನುಗ್ತಾ ಓಡಾಡ್ತಿದಾರೆ.